ಸಹಿ ಹಾಕುವ ಮೊದಲು

(ನಮ್ಮ ವೇದಿಕೆಯ ಶುಕ್ರವಾರದ ಕೂಟದಲ್ಲಿ ಆಡಿದ ಮಾತು. ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ನನಗೆ ಮೈಕ್ ಹಿಡಿದು ಅಭ್ಯಾಸ ಇಲ್ಲ, ಟೆಸ್ಟರ್ ಹಿಡಿದು ಅಭ್ಯಾಸ. ಕಾರ್ಯದರ್ಶಿಗಳು ಫೋನ್ ಮಾಡಿ, "ನಮ್ಮ ಹುಡುಗರು ತುಂಬ ಜನ ಈಗ ಏರ್‌ಪೋರ್ಟಿನ ಫಿಟ್‌ಔಟ್ ಕೆಲಸಕ್ಕೆ ಸೇರಿದ್ದಾರೆ. ಅಲ್ಲಿಯ ಪರ್ಮಿಟ್ಟು, ಅಪ್ರೂವಲ್ಲು ಅಂತ ತಲೆ ಕೆಟ್ಟು ಕೂತಿದ್ದಾರೆ. ಅರ್ಧ ಗಂಟೆ ಮಾತಾಡು ಮಾರಾಯ" ಅಂದರು. ಅವರಿಗೆ ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ. ನಾನು ಇಲ್ಲಿಗೆ ಬಂದ ಮೊದಲ ವಾರ ರೂಮಿನಲ್ಲಿ ಜಾಗ ಕೊಟ್ಟವರು ಅವರು.

ನಮ್ಮವರ ದೂರು ನನಗೆ ಗೊತ್ತುಂಟು. ಏರ್‌ಪೋರ್ಟಿನಲ್ಲಿ ಒಂದು ಸಾಕೆಟ್ ಹಾಕಲಿಕ್ಕೆ ಹತ್ತು ಸಹಿ ಬೇಕು. ಅದೇ ಸಾಕೆಟ್ ಯಾವುದಾದರೂ ವಿಲ್ಲಾದಲ್ಲಿ ಆದರೆ ಚಾ ಆರುವ ಮೊದಲು ಹಾಕಿ ಮುಗಿಸುತ್ತೇವೆ. ನಾನೂ ಹಾಗೇ ಹೇಳಿಕೊಂಡು ತಿರುಗಿದವನು. ಏಳು ವರ್ಷದಿಂದ ಗಲ್ಫಿನ ಎರಡು ವಿಮಾನ ನಿಲ್ದಾಣಗಳಲ್ಲಿ ಅಂಗಡಿಗಳ ವೈರಿಂಗ್ ಮಾಡಿದ್ದೇನೆ. ಯಾವ ನಿಲ್ದಾಣ, ಯಾವ ಕಂಪನಿ ಅಂತ ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಕಾಗದಗಳ ಹೆಸರು ಅಲ್ಲೊಂದು ಇಲ್ಲೊಂದು, ದಾರಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಆ ದಾರಿ ಹೇಳುತ್ತೇನೆ. ಆಮೇಲೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ದಾರಿ ಗೊತ್ತಿಲ್ಲದೆ ತಪ್ಪು ಅರ್ಥ ಆಗುವುದಿಲ್ಲ, ಆದ್ದರಿಂದ ಸ್ವಲ್ಪ ತಾಳ್ಮೆ ಇಟ್ಟು ಕೇಳಿ.

ಊರಿನಲ್ಲಿ ಪೇಟೆ ಬದಿ ಒಂದು ಕೋಣೆ ಬಾಡಿಗೆಗೆ ಹಿಡಿದರೆ ಏನು ಮಾಡುತ್ತೇವೆ? ಅಡ್ವಾನ್ಸ್ ಕೊಟ್ಟು, ಶಟರ್ ಎತ್ತಿ, ಪರಿಚಯದ ವೈರ್‌ಮನ್ನನ್ನು ಕರೆದು ಲೈಟು ಫ್ಯಾನು ಹಾಕಿಸುತ್ತೇವೆ. ಕಟ್ಟಡದ ಧಣಿ ಈ ಕಡೆ ಮುಖ ಹಾಕುವುದು ತಿಂಗಳ ಬಾಡಿಗೆ ದಿನ ಮಾತ್ರ.

ವಿಮಾನ ನಿಲ್ದಾಣದಲ್ಲಿ ಟರ್ಮಿನಲ್‌ಗೆ ಪ್ರಾಧಿಕಾರವೇ ಧಣಿ. ಕಾಫಿ ಅಂಗಡಿ, ಚಿನ್ನದ ಅಂಗಡಿ, ಲೌಂಜ್, ಹಣ ಬದಲಿಸುವ ಕೌಂಟರ್, ವಿಮಾನ ಕಂಪನಿಯ ಕಚೇರಿ, ಇವರೆಲ್ಲ ಬಾಡಿಗೆದಾರರು. ಬಾಡಿಗೆದಾರ ತನ್ನ ಕಂಟ್ರಾಕ್ಟರನನ್ನು ತರುತ್ತಾನೆ. ಕಂಟ್ರಾಕ್ಟರ ಕರೆಂಟಿನ ಕೆಲಸವನ್ನು ಸಬ್‌ಕಂಟ್ರಾಕ್ಟಿಗೆ ಕೊಡುತ್ತಾನೆ. ಆ ಸಬ್‌ಕಂಟ್ರಾಕ್ಟಿನ ಬಸ್ಸಿನಿಂದ ಇಳಿಯುವವರು ನಾವು. ಇದನ್ನು ಅಮೆರಿಕದಲ್ಲಿ ಟೆನೆಂಟ್ ಇಂಪ್ರೂವ್‌ಮೆಂಟ್ ಅನ್ನುತ್ತಾರೆ, ಇಲ್ಲಿ ಫಿಟ್‌ಔಟ್ ಅನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಕಟ್ಟಡದ ಪರವಾನಗಿ ಕೊಟ್ಟು ತಪಾಸಣೆ ಮಾಡುವ ವಿಭಾಗವೇ ನಿಲ್ದಾಣದ ಒಳಗೆ ಉಂಟು.

ಅಂಗಡಿಯ ಒಳಗಿನ ಅಲಂಕಾರದ ಹಣ ಬಾಡಿಗೆದಾರನದ್ದು. ಆದರೆ ಸೀಲಿಂಗಿನ ಮೇಲೆ, ಗೋಡೆಯ ಹಿಂದೆ ಹಾದು ಹೋಗುವ ಹೆಚ್ಚಿನದೆಲ್ಲ ಧಣಿಯದ್ದು. ತಣ್ಣೀರಿನ ಪೈಪು, ಸ್ಪ್ರಿಂಕ್ಲರ್ ಪೈಪು, ಹೊಗೆ ಎಳೆಯುವ ಡಕ್ಟು, ಫೈರ್ ಅಲಾರಂ, ಘೋಷಣೆಯ ಸ್ಪೀಕರು, ಎಮರ್ಜೆನ್ಸಿ ಲೈಟು. ಇವು ಯಾವುದೂ ನಮ್ಮ ಅಂಗಡಿಯ ಗೋಡೆ ಬಂತು ಅಂತ ನಿಲ್ಲುವುದಿಲ್ಲ. ಇನ್ನೊಂದು ಸಂಗತಿ, ಈ ಧಣಿ ಒಂದು ದಿನವೂ ಬಾಗಿಲು ಹಾಕುವ ಹಾಗಿಲ್ಲ. ನಾವು ಪ್ಲೈವುಡ್ಡಿನ ಹೋರ್ಡಿಂಗ್ ಒಳಗೆ ಡ್ರಿಲ್ ಹಿಡಿದಿರುವಾಗ ಆಚೆ ಬದಿ ಜನ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ವಿಮಾನ ಕಾಯುತ್ತಿರುತ್ತಾರೆ.

ಈಗ ಡ್ರಾಯಿಂಗಿನ ವಿಷಯ. ಅಂಗಡಿಯಲ್ಲಿ ಮೊದಲ ಮೊಳೆ ಹೊಡೆಯುವ ಎಷ್ಟೋ ವಾರ ಮೊದಲೇ ಕಾಗದದ ಕೆಲಸ ಶುರುವಾಗಿರುತ್ತದೆ. ನಿಲ್ದಾಣದವರು ಬಾಡಿಗೆದಾರನಿಗೆ ಒಂದು ಕೈಪಿಡಿ ಕೊಡುತ್ತಾರೆ. ಈ ಅಂಗಡಿಗೆ ಎಷ್ಟು ಕಿಲೋವ್ಯಾಟ್, ಡಿಬಿ ಎಲ್ಲಿ ಕೂರಬೇಕು, ಯಾವ ಜಾತಿಯ ಕೇಬಲ್, ಸಾಮಾನು ಯಾವ ದರ್ಜೆಯದ್ದು ಅಂತ ಅದರಲ್ಲಿ ಇರುತ್ತದೆ. ಅದನ್ನು ನೋಡಿ ಡಿಸೈನರ್ ಮೊದಲು ಅಂಗಡಿ ಹೇಗೆ ಕಾಣುತ್ತದೆ ಅಂತ ಚಿತ್ರ ಕೊಡಬೇಕು, ಆಮೇಲೆ ವಿವರದ ಡ್ರಾಯಿಂಗ್ ಕೊಡಬೇಕು. ಎಸಿಯವರು, ನೀರಿನವರು, ಕರೆಂಟಿನವರು, ಐಟಿಯವರು ಒಬ್ಬೊಬ್ಬರಾಗಿ ನೋಡಿ ಟಿಪ್ಪಣಿ ಬರೆಯುತ್ತಾರೆ. ಬೆಂಕಿಯ ವಿಷಯಕ್ಕೆ ಇದರ ಮೇಲೆ ಸಿವಿಲ್ ಡಿಫೆನ್ಸಿನ ಒಪ್ಪಿಗೆ ಬೇರೆ.

ಡ್ರಾಯಿಂಗ್ ವಾಪಸ್ ಬರುವಾಗ ಅದರ ಮೇಲೆ ಒಂದು ಅಕ್ಷರ ಇರುತ್ತದೆ. ಎ ಅಂದರೆ ಒಪ್ಪಿಗೆ. ಬಿ ಅಂದರೆ ಒಪ್ಪಿಗೆ, ಆದರೆ ಬರೆದ ಟಿಪ್ಪಣಿಯಂತೆ ತಿದ್ದಿಕೊಂಡು ಮಾಡಿ. ಸಿ ಅಂದರೆ ತಿದ್ದಿ ಮತ್ತೆ ತನ್ನಿ. ಡಿ ಅಂದರೆ ಆಗುವುದಿಲ್ಲ. ತಮ್ಮಂದಿರೇ, ಫೋರ್‌ಮನ್ ಕೈಗೆ ಕೊಟ್ಟ ಡ್ರಾಯಿಂಗಿನಲ್ಲಿ ಮೂಲೆಯ ಈ ಅಕ್ಷರ ಮತ್ತು ರಿವಿಷನ್ ನಂಬರ್ ನೋಡದೆ ಪೈಪು ಕೊಯ್ಯಬೇಡಿ. ಹಳೆಯ ರಿವಿಷನ್ ಹಿಡಿದುಕೊಂಡು ಮಾಡಿದ ಕೆಲಸವನ್ನು ನಾವೇ ಕಿತ್ತು ನಾವೇ ಮತ್ತೆ ಮಾಡುವುದು. ಅದರ ಓವರ್‌ಟೈಮ್ ಕೇಳಲಿಕ್ಕೆ ಹೋದರೆ ಸಿಗುವ ಉತ್ತರ ನಿಮಗೆಲ್ಲ ಗೊತ್ತು.

ಅವರು ಎಂತ ನೋಡುತ್ತಾರೆ? ಮೊದಲು ಲೋಡ್ ಶೆಡ್ಯೂಲ್. ಒಂದು ಕಾಫಿ ಅಂಗಡಿಗೆ ನಿಲ್ದಾಣದವರು 40 ಕಿಲೋವ್ಯಾಟ್ ಕೊಟ್ಟಿದ್ದರು. ಕಾಫಿ ಮೆಷಿನ್, ಓವನ್, ಪಾತ್ರೆ ತೊಳೆಯುವ ಮೆಷಿನ್, ಫ್ರಿಜ್ಜು ಎಲ್ಲ ಕೂಡಿಸಿದರೆ 55 ಆಯಿತು. ಡ್ರಾಯಿಂಗ್ ಎರಡು ಸಲ ವಾಪಸ್ ಬಂತು. ಬಾಡಿಗೆದಾರನಿಗೆ ಸಿಟ್ಟು, ನಮಗೆ ಕೆಲಸ ಇಲ್ಲದೆ ಕೂತು ಬೇಸರ. ಆದರೆ ಲೆಕ್ಕ ಹಾಕಿ ನೋಡಿ, ಒಂದೇ ಬಸ್‌ಬಾರಿನಿಂದ ಸಾಲಾಗಿ ಹತ್ತು ಅಂಗಡಿಗಳಿಗೆ ಟ್ಯಾಪ್ ಇಳಿದಿರುತ್ತದೆ. ಒಬ್ಬೊಬ್ಬನೂ 15 ಕಿಲೋವ್ಯಾಟ್ ಹೆಚ್ಚಿಗೆ ಎಳೆದರೆ ಒಟ್ಟು 150 ಆಯಿತು. ಮೇಲಿನ ಬ್ರೇಕರ್ ಬಿದ್ದರೆ ಹತ್ತೂ ಅಂಗಡಿಗೆ ಕತ್ತಲೆ. ಅಂಗಡಿಯವನಿಗೆ ತನ್ನ 15 ಮಾತ್ರ ಕಾಣುತ್ತದೆ.

ಎರಡನೆಯದು ಕೇಬಲ್. ಬೆಂಕಿ ಬಿದ್ದರೂ ಹೊಗೆ ಕಡಿಮೆ ಬರುವ, ಹ್ಯಾಲೊಜೆನ್ ಇಲ್ಲದ ಕೇಬಲ್ ಕೇಳುತ್ತಾರೆ. ಮಾಮೂಲಿ ಪಿವಿಸಿ ಉರಿದರೆ ದಟ್ಟ ಕಪ್ಪು ಹೊಗೆ ಬರುತ್ತದೆ, ಅದರಲ್ಲಿ ಆಮ್ಲದ ಅನಿಲವೂ ಇರುತ್ತದೆ. ಕಣ್ಣು ತೆರೆಯಲಿಕ್ಕೆ ಆಗದಿದ್ದರೆ ಬಾಗಿಲು ಹುಡುಕುವುದು ಹೇಗೆ?

ಮೂರನೆಯದು ಕೇಬಲ್ ಹೋಗುವ ದಾರಿ. ಮಾಮೂಲಿ ಲೈನಿನ ಟ್ರೇಯಲ್ಲಿ ಎಮರ್ಜೆನ್ಸಿ ಲೈನನ್ನು ಎಳೆಯಬೇಡಿ ಅನ್ನುತ್ತಾರೆ. ಟ್ರೇಯಲ್ಲಿ ಜಾಗ ಉಂಟು, ಇನ್ನೊಂದು ಟ್ರೇ ಯಾಕೆ ಅಂತ ನಾವು ಬೈಯುತ್ತೇವೆ. 2017ರ ಡಿಸೆಂಬರ್ 17ರಂದು ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ನೆಲದಡಿಯ ವಿದ್ಯುತ್ ಸುರಂಗದಲ್ಲಿ ಬೆಂಕಿ ಬಿತ್ತು. ಬದಲಿ ಲೈನಿನ ಕೇಬಲ್‌ಗಳೂ ಅಲ್ಲೇ ಪಕ್ಕದಲ್ಲಿ ಇದ್ದವು, ಅವೂ ಹಾಳಾದವು. ಸುಮಾರು 11 ಗಂಟೆ ಕರೆಂಟ್ ಇಲ್ಲ. ಸಾವಿರಕ್ಕಿಂತ ಹೆಚ್ಚು ವಿಮಾನಗಳು ರದ್ದಾದವು. ಎರಡು ಲೈನ್ ಇದ್ದೂ ಎರಡಕ್ಕೂ ದಾರಿ ಒಂದೇ ಆದರೆ ಅದು ಒಂದೇ ಲೈನ್ ಇದ್ದ ಹಾಗೆ.

ಡ್ರಾಯಿಂಗ್ ಪಾಸಾಯಿತು, ಸಾಮಾನಿಗೂ ಒಪ್ಪಿಗೆ ಬಂತು. ಇನ್ನು ನಮ್ಮ ಪಾಸು. ಪೊಲೀಸ್ ಪರಿಶೀಲನೆ, ಸೆಕ್ಯೂರಿಟಿ ತರಗತಿ, ಫೋಟೋ. ನಮ್ಮ ಬೆಂಗಳೂರಿನ ದೇವನಹಳ್ಳಿಯಲ್ಲೂ ಹೀಗೇ. ಅಲ್ಲಿ ಪಾಸಿನ ವ್ಯವಸ್ಥೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ್ದು, ಗೇಟಿನಲ್ಲಿ ಸಿಐಎಸ್‌ಎಫ್ ನಿಂತಿರುತ್ತದೆ. ಒಳಗೆ ಹೋಗುವಾಗ ಸ್ಕ್ರೂಡ್ರೈವರ್, ಕಟರ್, ಬ್ಲೇಡು ಎಲ್ಲ ಎಣಿಸಿ ಪಟ್ಟಿ. ಬರುವಾಗ ಮತ್ತೆ ಎಣಿಕೆ. ಒಂದು ಬ್ಲೇಡು ಕಡಿಮೆ ಬಿದ್ದರೆ ಸಿಗುವ ತನಕ ಯಾರೂ ಹೊರಗೆ ಹೋಗುವಂತಿಲ್ಲ. ಆ ಪಾಸು ಕುತ್ತಿಗೆಯಲ್ಲಿ ಇದ್ದರೆ ನಾವು ಎಲೆಕ್ಟ್ರಿಷಿಯನ್. ಇಲ್ಲದಿದ್ದರೆ ಬಿಸಿಲಿನ ಸೈಟು, ಓವರ್‌ಟೈಮ್ ಇಲ್ಲ, ಊರಿಗೆ ಕಳಿಸುವ ಹಣದಲ್ಲಿ ಕಡಿತ. ನಮಗೆ ಪಾಸು ಅಂದರೆ ಇಷ್ಟು.

ಪಾಸು ಇದ್ದರೂ ಕೆಲಸ ಶುರು ಮಾಡುವ ಹಾಗಿಲ್ಲ. ಪ್ರತಿ ರಾತ್ರಿ ಪರ್ಮಿಟ್ ಬೇಕು. ಯಾವ ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಜನ, ಎಂತ ಕೆಲಸ, ಯಾವ ಬ್ರೇಕರ್ ಆಫ್ ಮಾಡಿ ಬೀಗ ಹಾಕಿದ್ದು, ಯಾವ ಹೊಗೆ ಡಿಟೆಕ್ಟರ್ ತಾತ್ಕಾಲಿಕವಾಗಿ ಬಂದ್ ಇಟ್ಟದ್ದು ಅಂತ ಅದರಲ್ಲಿ ಇರುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ಆದರೆ ಹಾಟ್‌ವರ್ಕ್ ಪರ್ಮಿಟ್ ಪ್ರತ್ಯೇಕ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ಬರೀ ನೋಡುತ್ತಾ ನಿಲ್ಲಬೇಕು. ನಮ್ಮ ಸೈಟಿನಲ್ಲಿ ಕೆಲಸ ಮುಗಿದ ಮೇಲೂ ಒಂದು ಗಂಟೆ ನಿಲ್ಲಿಸುತ್ತಿದ್ದರು.

ಸುಮ್ಮನೆ ನಿಲ್ಲುವವನಿಗೆ ಸಂಬಳ ಯಾಕೆ ಅಂತ ನಮ್ಮ ಫೋರ್‌ಮನ್ ಒಮ್ಮೆ ಕೇಳಿದ್ದ. 1996ರ ಏಪ್ರಿಲ್ 11ರಂದು ಜರ್ಮನಿಯ ಡಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್ಲಿನ ಮೇಲೆ ಹಾದುಹೋಗುವ ರಸ್ತೆಯಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು. ಕಾದ ಲೋಹದ ಹನಿ ರಸ್ತೆಯ ಸಂದಿನಿಂದ ಕೆಳಗೆ ಇಳಿದು ಸೀಲಿಂಗಿನ ಮೇಲಿನ ಪಾಲಿಸ್ಟೈರೀನ್ ಹಾಳೆಗೆ ತಾಗಿತು. ಬೆಂಕಿ ಒಳಗೊಳಗೇ ಹಬ್ಬಿತು, ಹೊಗೆ ಟರ್ಮಿನಲ್ ತುಂಬಿತು. 17 ಜನ ಸತ್ತರು. ಲೌಂಜಿನಲ್ಲಿ ಸಿಕ್ಕಿಕೊಂಡವರು, ಲಿಫ್ಟಿನಲ್ಲಿ ಸಿಕ್ಕಿಕೊಂಡವರು. ಮೇಲೆ ವೆಲ್ಡಿಂಗ್ ಮಾಡುತ್ತಿದ್ದವನು ನಮ್ಮ ನಿಮ್ಮ ಹಾಗೆ ಒಬ್ಬ ಕೆಲಸಗಾರ. ಕೆಳಗೆ ಲೌಂಜಿನಲ್ಲಿ ಕೂತವರು ಅವನ ಕಣ್ಣಿಗೆ ಬೀಳುವವರಲ್ಲ.

ಕೆಲಸ ನಡೆಯುವಾಗಲೂ ತಪಾಸಣೆ ಉಂಟು. ಪೈಪು, ಟ್ರೇ, ಕೇಬಲ್ ಆದ ಮೇಲೆ ಸೀಲಿಂಗ್ ಮುಚ್ಚುವ ಮೊದಲು ಅವರನ್ನು ಕರೆದು ತೋರಿಸಬೇಕು. ತೋರಿಸದೆ ಮುಚ್ಚಿದರೆ ಬಿಚ್ಚಿಸುತ್ತಾರೆ. ಕೊನೆಗೆ ಟೆಸ್ಟಿಂಗ್. ಮೆಗ್ಗರ್ 500 ವೋಲ್ಟಿನಲ್ಲಿ ಇಟ್ಟು ಇನ್ಸುಲೇಷನ್ ನೋಡುವುದು, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಫೇಲ್. ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಡಿ ಎಷ್ಟು ಹೊತ್ತಿನಲ್ಲಿ ಬೀಳುತ್ತದೆ, ಕರೆಂಟ್ ಹೋದರೆ ಎಮರ್ಜೆನ್ಸಿ ಲೈಟು ಎಷ್ಟು ಗಂಟೆ ನಿಲ್ಲುತ್ತದೆ. ಫೈರ್ ಅಲಾರಂ ಕೊಟ್ಟರೆ ಅಂಗಡಿಯ ಸಂಗೀತ ನಿಲ್ಲುತ್ತದೋ, ಎಸಿ ಫ್ಯಾನ್ ನಿಲ್ಲುತ್ತದೋ ಅಂತಲೂ ನೋಡುತ್ತಾರೆ. ಘೋಷಣೆ ಕೇಳಿಸಬೇಕಲ್ಲ! ಆಮೇಲೆ ಸ್ನ್ಯಾಗ್ ಲಿಸ್ಟ್, ನಿಜವಾಗಿ ಮಾಡಿದ್ದನ್ನು ತೋರಿಸುವ ಆ್ಯಸ್-ಬಿಲ್ಟ್ ಡ್ರಾಯಿಂಗ್. ಅದೆಲ್ಲ ಮುಗಿದ ಮೇಲೇ ಕಾಯಂ ಕರೆಂಟ್, ಅಂಗಡಿ ತೆರೆಯಲಿಕ್ಕೆ ಒಪ್ಪಿಗೆ.

ಈ ಕಡೆಯ ಹಂತ ಎಷ್ಟು ದೊಡ್ಡದು ಅಂತ ಬರ್ಲಿನ್‌ನವರನ್ನು ಕೇಳಬೇಕು. ಅಲ್ಲಿಯ ಹೊಸ ವಿಮಾನ ನಿಲ್ದಾಣ 2012ರ ಜೂನ್ 3ಕ್ಕೆ ತೆರೆಯಬೇಕಿತ್ತು. ಬೆಂಕಿ ಸುರಕ್ಷೆಯ ವ್ಯವಸ್ಥೆ ಪಾಸಾಗಲಿಲ್ಲ ಅಂತ ಕೆಲವೇ ವಾರ ಮೊದಲು ನಿಲ್ಲಿಸಿದರು. ಆಮೇಲೆ ಕೇಬಲ್ ಕೆಲಸದ ತಪ್ಪುಗಳೂ ಹೊರಗೆ ಬಂದವು. ಕೊನೆಗೆ ತೆರೆದದ್ದು 2020ರ ಅಕ್ಟೋಬರ್ 31ಕ್ಕೆ. ಎಂಟು ವರ್ಷಕ್ಕೂ ಮಿಕ್ಕಿ. ಸೀಲಿಂಗಿನ ಮೇಲೆ ನಾವು ಎಳೆಯುವ ಕೇಬಲ್ ಯಾರಿಗೂ ಕಾಣುವುದಿಲ್ಲ ಅಂತ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ನನ್ನ ಕಥೆ.

ಒಂದು ಹಳೆಯ ಅಂಗಡಿಯನ್ನು ಕಿತ್ತು ಹೊಸದು ಮಾಡುವ ಕೆಲಸ. ಪರ್ಮಿಟ್ ರಾತ್ರಿ ಹನ್ನೆರಡೂವರೆಯಿಂದ ನಾಲ್ಕೂವರೆ ತನಕ. ಅಷ್ಟರಲ್ಲಿ ಕಿತ್ತು, ಗುಡಿಸಿ, ಸಾಮಾನು ಎಣಿಸಿ ಹೊರಗೆ ಬರಬೇಕು. ಪರ್ಮಿಟ್ ಮೇಜಿನ ಎದುರು ಐದಾರು ಕಂಪನಿಯವರ ಸಾಲು. ಫೋರ್‌ಮನ್ ಫೋನಿನಲ್ಲಿ, "ಇನ್ನೂ ಒಳಗೆ ಹೋಗ್ಲಿಲ್ವಾ?" ಅಂತ. ಪರ್ಮಿಟ್ ಪಡೆಯುವವನ ಜಾಗದಲ್ಲಿ ನನ್ನ ಹೆಸರು. ಎರಡು ಹಾಳೆ ಇತ್ತು. ಮೊದಲ ಹಾಳೆಯ ಕೆಳಗೆ ಸಹಿ ಹಾಕಿದೆ. ಎರಡನೆಯದನ್ನು ತಿರುಗಿಸಲಿಲ್ಲ.

ನನ್ನ ಜೊತೆ ಒಬ್ಬ ಹೆಲ್ಪರ್. ಕೊಪ್ಪಳದ ಕಡೆಯ ಹುಡುಗ, ಬಂದು ಐದು ತಿಂಗಳು ಆಗಿತ್ತು. ಅವನು ಏಣಿಯ ಮೇಲೆ, ನಾನು ಕೆಳಗೆ ಡಿಬಿ ಬಿಚ್ಚುತ್ತಾ ಇದ್ದೆ. ಅಂಗಡಿಯ ಡಿಬಿ ಆಫ್ ಮಾಡಿ ಬೀಗ ಹಾಕಿ ಟ್ಯಾಗ್ ಕಟ್ಟಿದ್ದೆವು, ಅದರಲ್ಲಿ ತಪ್ಪಿಲ್ಲ. ಸೀಲಿಂಗಿನಲ್ಲಿ ಹಳೆಯ ವೈರುಗಳ ಗಂಟು. ಅವನು ಕೇಳಿದ, "ಅಣ್ಣಾ, ಇಲ್ಲೊಂದು ಕೆಂಪು ಕೇಬಲ್ ಐತಿ. ಕತ್ತರಿಸ್ಲೇನು?"

ನಾನು ತಲೆ ಎತ್ತಿ ನೋಡಲಿಲ್ಲ. "ಹಳೇ ಅಂಗಡಿದ್ದೇ, ತೆಗಿ" ಅಂದೆ.

ಎರಡು ಮೂರು ನಿಮಿಷ ಆಗಿರಬಹುದು, ವಾಕಿಟಾಕಿ ಹಿಡಿದು ಇಬ್ಬರು ಓಡಿ ಬಂದರು. ಅವರ ಹಿಂದೆ ನಿಲ್ದಾಣದ ಪರ್ಮಿಟ್ ಎಂಜಿನಿಯರ್, ಸುಡಾನ್ ದೇಶದವರು. ಬೈಯಲಿಲ್ಲ. "ಎಲ್ಲರೂ ಕೈ ಎತ್ತಿ, ಏಣಿ ಇಳಿಯಿರಿ. ಪರ್ಮಿಟ್ ಯಾರ ಹೆಸರಲ್ಲಿ ಉಂಟು?" ಅಂತ ಕೇಳಿದರು. ಆಮೇಲೆ ಮಾರ್ಕರ್ ತೆಗೆದು ಹೋರ್ಡಿಂಗಿನ ಪ್ಲೈವುಡ್ಡಿನ ಮೇಲೆ ಒಂದು ಉಂಗುರ ಬರೆದರು.

ಫೈರ್ ಅಲಾರಂ ಲೂಪ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ಯಾನೆಲಿನಿಂದ ಹೊರಟ ಕೇಬಲ್ ಒಂದೊಂದೇ ಡಿಟೆಕ್ಟರ್ ಮುಟ್ಟುತ್ತಾ ಸುತ್ತಿ ಮತ್ತೆ ಪ್ಯಾನೆಲಿಗೇ ಬರುತ್ತದೆ. ಒಂದು ಕಡೆ ತುಂಡಾದರೆ ಪ್ಯಾನೆಲಿನಲ್ಲಿ ಫಾಲ್ಟ್ ತೋರಿಸುತ್ತದೆ, ಆದರೆ ಡಿಟೆಕ್ಟರುಗಳು ಬದುಕಿರುತ್ತವೆ. ಎರಡೂ ತುದಿಯಿಂದ ಅವಕ್ಕೆ ಸಂಪರ್ಕ ಉಂಟಲ್ಲ. ಎರಡು ಕಡೆ ತುಂಡಾದರೆ ನಡುವಿನದ್ದೆಲ್ಲ ಸತ್ತ ಹಾಗೆ.

ಎಂಜಿನಿಯರ್ ಉಂಗುರದ ಮೇಲೆ ಎರಡು ಗುರುತು ಹಾಕಿದರು. ಒಂದು ನಮ್ಮದು. ಇನ್ನೊಂದು ಆಚೆ ಬದಿಯ ಅಂಗಡಿಯದ್ದು. ಅಲ್ಲಿ ಬೇರೆ ಕಂಪನಿಯವರು ಹೊಸ ಡಿಟೆಕ್ಟರ್ ಸೇರಿಸಲಿಕ್ಕೆ ಅದೇ ರಾತ್ರಿ ಅದೇ ಲೂಪನ್ನು ಒಂದು ಕಡೆ ಬಿಚ್ಚಿದ್ದರು. ಅವರಿಗೆ ಅದಕ್ಕೆ ಪರ್ಮಿಟ್ ಇತ್ತು. ಒಂದೇ ಕಡೆ ಬಿಚ್ಚಿದ್ದರಿಂದ ತೊಂದರೆ ಇರಲಿಲ್ಲ. ನಾನು ಕತ್ತರಿಸಲಿಕ್ಕೆ ಹೇಳಿದ ಮೇಲೆ ಎರಡು ಗುರುತಿನ ನಡುವಿನ ಅಷ್ಟೂ ಜಾಗಕ್ಕೆ ಹೊಗೆ ಬಂದರೆ ಹೇಳುವವರು ಯಾರೂ ಇಲ್ಲ. "ಈ ನಡುವೆ ಎಂತ ಉಂಟು ಗೊತ್ತಾ?" ಅಂತ ಕೇಳಿದರು. ನನಗೆ ಗೊತ್ತಿತ್ತು. ಅದರ ಎದುರಿನಿಂದಲೇ ನಾವು ದಿನಾ ಟ್ರಾಲಿ ತಳ್ಳಿಕೊಂಡು ಹೋಗುವುದು. ಗೇಟಿನ ಎದುರಿನ ಕುರ್ಚಿಗಳು. ಬೆಳಗ್ಗಿನ ವಿಮಾನಕ್ಕೆ ಕಾಯುವವರು ಅಲ್ಲಿ ನೆಲದ ಮೇಲೆ ಚಾದರ ಹಾಸಿ ಮಲಗುತ್ತಾರೆ. ಅವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಊರಿಗೆ ಹೋಗುವ ಕೆಲಸಗಾರರೇ.

ಆಮೇಲೆ ಎಂಜಿನಿಯರ್ ನನ್ನ ಕೈಯಿಂದ ಪರ್ಮಿಟ್ ತೆಗೆದುಕೊಂಡು ಎರಡನೇ ಹಾಳೆ ತಿರುಗಿಸಿದರು. ಸೀಲಿಂಗಿನ ಕೆಂಪು ಕೇಬಲ್ ನಿಲ್ದಾಣದ್ದು, ಚಾಲ್ತಿಯಲ್ಲಿದೆ, ಮುಟ್ಟಬಾರದು ಅಂತ ಬರೆದಿತ್ತು. ಆಚೆ ಅಂಗಡಿಯ ಕೆಲಸದ ನಂಬರೂ ಇತ್ತು. ಕೆಳಗೆ "ಓದಿ ಅರ್ಥ ಮಾಡಿಕೊಂಡಿದ್ದೇನೆ" ಎಂಬ ಸಾಲಿನ ಎದುರು ಜಾಗ ಖಾಲಿ.

ಆ ರಾತ್ರಿ ಏನೂ ಆಗಲಿಲ್ಲ. ಕೇಬಲ್ ಸರಿಪಡಿಸುವ ತನಕ ಅವರ ಜನ ಆ ಜಾಗದಲ್ಲಿ ತಿರುಗುತ್ತಾ ಕಾವಲು ಇದ್ದರು. ಮಲಗಿದವರಿಗೆ ಎಚ್ಚರವೂ ಆಗಲಿಲ್ಲ. ಏನೂ ಆಗಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಬೆಂಕಿ ಬೀಳಲಿಲ್ಲ ಅಂದ ಮಾತ್ರಕ್ಕೆ ನಾನು ಸರಿ ಮಾಡಿದೆ ಅಂತ ಆಗುವುದಿಲ್ಲ.

ಮರುದಿನ ಕಂಪನಿಯ ಆಫೀಸಿಗೆ ಕರೆದರು. ಹೇಳಿಕೆ ಟೈಪ್ ಮಾಡಿ ಇಟ್ಟಿದ್ದರು. ಹೆಲ್ಪರ್ ಯಾರನ್ನೂ ಕೇಳದೆ ತಾನೇ ಕೇಬಲ್ ಕತ್ತರಿಸಿದ ಅಂತ. "ನಿನ್ನ ಪಾಸು ಹೋದರೆ ಈ ಸೈಟಿಗೆ ಇನ್ನೊಬ್ಬ ಎಲೆಕ್ಟ್ರಿಷಿಯನ್ ಸಿಗ್ಲಿಕ್ಕೆ ಎರಡು ತಿಂಗಳು ಬೇಕು. ಹೆಲ್ಪರ್ ನಾಳೆಯೇ ಸಿಗ್ತಾನೆ" ಅಂದರು. ಊರಿನಲ್ಲಿ ತಂಗಿಯ ಮದುವೆ ನಿಶ್ಚಯ ಆಗಿತ್ತು. ಹಿಂದಿನ ರಾತ್ರಿಯ ಪರ್ಮಿಟನ್ನು ಓದದೆ ಸಹಿ ಹಾಕಿದ್ದೆ. ಈ ಕಾಗದವನ್ನು ಒಂದಕ್ಷರ ಬಿಡದೆ ಓದಿದೆ. ಓದಿಯೇ ಸಹಿ ಹಾಕಿದೆ.

ಹುಡುಗನ ಪಾಸು ವಾಪಸ್ ತೆಗೆದುಕೊಂಡರು. ಅವನು ನನ್ನ ಮೇಲೆ ಕೂಗಾಡಿದ್ದರೆ ನನಗೂ ಕೂಗಲಿಕ್ಕೆ ಒಂದು ದಾರಿ ಆಗುತ್ತಿತ್ತು. ಎರಡನೇ ರಾತ್ರಿ ಕ್ಯಾಂಪಿನಲ್ಲಿ ಊಟದ ಹೊತ್ತಿಗೆ ತಟ್ಟೆ ಹಿಡಿದು ಎದುರು ಬಂದು ಕೂತ. "ಅಣ್ಣಾ, ನಾ ನಿಮ್ಮನ್ನ ಕೇಳಿದ್ನಲ್ಲ?" ಅಂದ. ಅಷ್ಟೇ.

ನನಗೆ ಆ ತುತ್ತು ಇಳಿಯಲಿಲ್ಲ. ಬೆಳಗ್ಗೆ ಪರ್ಮಿಟ್ ಆಫೀಸಿಗೆ ಹೋಗಿ, ನನಗೆ ಬರುವ ಇಂಗ್ಲಿಷಿನಲ್ಲಿ ಕೈಯಿಂದಲೇ ಬರೆದು ಕೊಟ್ಟೆ. ಹುಡುಗ ಕೇಳಿದ, ಕತ್ತರಿಸು ಅಂದದ್ದು ನಾನು, ಎರಡನೇ ಹಾಳೆ ಓದಿರಲಿಲ್ಲ, ಮೊನ್ನೆಯ ಹೇಳಿಕೆ ಸುಳ್ಳು. ಎಂಜಿನಿಯರ್ ಎರಡು ಸಲ ಓದಿದರು. "ಇದನ್ನು ಮೊದಲ ದಿನವೇ ಕೊಡಬೇಕಿತ್ತು" ಅಂದರು. ದಾಖಲೆಯಲ್ಲಿ ಹುಡುಗನ ಹೆಸರು ತೆಗೆದು ನನ್ನ ಹೆಸರು ಹಾಕಿದರು. ನನ್ನ ಪಾಸು ಮೂರು ವಾರ ಬಂದ್. ಕಂಪನಿಯಿಂದ ವಾರ್ನಿಂಗ್ ಪತ್ರ. ಆ ತಿಂಗಳು ಊರಿಗೆ ಹಣ ಕಡಿಮೆ ಹೋಯಿತು, ಮದುವೆಗೆ ಮಾವನ ಹತ್ತಿರ ಸಾಲ ಕೇಳಬೇಕಾಯಿತು. ಆದರೆ ಇದನ್ನು ನನ್ನ ಒಳ್ಳೆತನ ಅಂತ ಹೇಳುತ್ತಾ ಇಲ್ಲ. ಯಾಕೆಂದರೆ ಹುಡುಗನ ಪಾಸಿಗೆ ಕಂಪನಿ ಮತ್ತೆ ಅರ್ಜಿ ಹಾಕಲೇ ಇಲ್ಲ. ಅವನನ್ನು ಅಷ್ಟರಲ್ಲಿ ಬಿಸಿಲಿನ ಸೈಟಿಗೆ ಹಾಕಿ ಆಗಿತ್ತು. ನಾನು ತಡ ಮಾಡಿದ ಎರಡು ದಿನದ ಬೆಲೆ ಅವನು ಕೊಟ್ಟದ್ದು.

ಇದರಿಂದ ನನಗೆ ಅರ್ಥವಾದದ್ದು ಒಂದು. ಅಂಗಡಿಯವನಿಗೆ ತನ್ನ ಅಂಗಡಿ ಕಾಣುತ್ತದೆ. ಫೋರ್‌ಮನ್‌ಗೆ ತನ್ನ ತಾರೀಕು ಕಾಣುತ್ತದೆ. ಏಣಿಯ ಮೇಲಿನವನಿಗೆ ಎದುರಿನ ಕೇಬಲ್ ಕಾಣುತ್ತದೆ. ಆ ರಾತ್ರಿ ಒಂದೇ ಲೂಪಿನ ಮೇಲೆ ಎರಡು ಕೆಲಸ ನಡೆಯುತ್ತಿದೆ ಅಂತ ಗೊತ್ತಿದ್ದದ್ದು ಆ ಪರ್ಮಿಟ್ ಮೇಜಿಗೆ ಮಾತ್ರ. ಆ ಮೇಜಿಗೆ ಗೊತ್ತಿದ್ದದ್ದು ನಮಗೆ ತಲುಪುವ ದಾರಿ ಆ ಎರಡು ಹಾಳೆ ಕಾಗದ. ಓದದಿದ್ದರೆ ಹತ್ತು ಸಹಿ ಇದ್ದರೂ ಅಷ್ಟೇ, ನೂರು ಇದ್ದರೂ ಅಷ್ಟೇ.

ಪ್ರಾಧಿಕಾರದವರದ್ದು ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಪರ್ಮಿಟ್ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ, ಸಣ್ಣ ಅಕ್ಷರ. ನಾಲ್ಕು ಗಂಟೆಯ ಕೆಲಸದಲ್ಲಿ ಒಂದು ಗಂಟೆ ಸಾಲಿನಲ್ಲೇ ಹೋಗುತ್ತದೆ. ಆ ಗಂಟೆಯ ಒತ್ತಡ ಕಂಪನಿಯ ಮೇಲೆ ಬೀಳಬೇಕು, ಆದರೆ ಬೀಳುವುದು ನಮ್ಮ ಮೇಲೆ. ಇದನ್ನು ಸುರಕ್ಷತಾ ಸಭೆಯಲ್ಲಿ ಹೇಳಬೇಕು, ನಾನು ಹೇಳಿದ್ದೇನೆ. ಹೇಳಿದ್ದರಿಂದ ಯಾರೂ ನನ್ನ ಕೆಲಸ ತೆಗೆಯಲಿಲ್ಲ.

ಹೊಸ ಹುಡುಗರು ಇಷ್ಟು ಮಾಡಿ. ಪರ್ಮಿಟ್ಟಿನ ಎಲ್ಲ ಹಾಳೆ ತಿರುಗಿಸಿ. ಜಾಗ, ಸಮಯ, ಆಫ್ ಮಾಡಿದ ಬ್ರೇಕರ್, ಮುಟ್ಟಬಾರದ್ದು, ಈ ನಾಲ್ಕನ್ನು ನೋಡಿ. ಇಂಗ್ಲಿಷ್ ಅರ್ಥ ಆಗದಿದ್ದರೆ ಮೇಜಿನಲ್ಲೇ ಕೇಳಿ, ನಾಚಿಕೆ ಬೇಡ. ಬೀಗ ಹಾಕಿದ ಮೇಲೂ ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿ. ಯಾರದ್ದು ಅಂತ ಗೊತ್ತಿಲ್ಲದ ಕೇಬಲ್ ಧಣಿಯದ್ದು ಅಂತಲೇ ತಿಳಿಯಿರಿ, ಕತ್ತರಿಸಬೇಡಿ. ಹೆಲ್ಪರ್ ಮೇಲಿನಿಂದ ಕೇಳಿದರೆ ಕೆಳಗಿನಿಂದ ಉತ್ತರ ಕೊಡಬೇಡಿ, ಏಣಿ ಹತ್ತಿ ನೋಡಿ. ಟೆಸ್ಟ್ ಮಾ‌ಡದೆ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಡಿ. ಮತ್ತೆ, ಯಾರೋ ಟೈಪ್ ಮಾಡಿ ಕೊಟ್ಟ ಹೇಳಿಕೆಗೆ ಸಹಿ ಹಾಕುವ ಮೊದಲು ನಮ್ಮ ವೇದಿಕೆಯ ಯಾರಿಗಾದರೂ ಒಂದು ಫೋನ್ ಮಾಡಿ. ಅರ್ಧ ರಾತ್ರಿ ಆದರೂ ಪರವಾಗಿಲ್ಲ, ನನಗೇ ಮಾಡಿ.

ಆ ಹುಡುಗ ಈಗ ಬೇರೆ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ಇದನ್ನು ಇಲ್ಲಿ ಹೇಳಲಾ ಅಂತ ಮೊನ್ನೆ ಫೋನ್ ಮಾಡಿ ಕೇಳಿದೆ. "ಹೇಳ್ರಿ ಅಣ್ಣಾ, ನನ್ನ ಹೆಸ್ರು ಮಾತ್ರ ಹೇಳಬ್ಯಾಡ್ರಿ" ಅಂದ. ಆಮೇಲೆ ನಕ್ಕು, ಈಗ ತನ್ನ ಕೈ ಕೆಳಗೂ ಒಬ್ಬ ಹೆಲ್ಪರ್ ಇದ್ದಾನೆ, ಅವನು ಏನಾದರೂ ಕೇಳಿದರೆ ತಾನೇ ಏಣಿ ಹತ್ತುತ್ತೇನೆ ಅಂದ.

 ಹೊರಗೆ ಚಾ ಬಂದಿದೆ ಅಂತ ಕಾರ್ಯದರ್ಶಿಗಳು ಕೈ ಮಾಡುತ್ತಿದ್ದಾರೆ. ಪ್ರಶ್ನೆ ಇದ್ದವರು ಅಲ್ಲೇ ಬನ್ನಿ, ಮಾತಾಡುವ.